ಅದೇ ಸೂಪರ್‌ಮ್ಯಾನ್, ಮತ್ತೆ ಮೊದಲಿನಿಂದ: ರೀಬೂಟ್ ಸಿನಿಮಾ ನೋಡುವ ಬಗೆ

2025ರ ಜುಲೈ 11ರಂದು ಸೂಪರ್‌ಮ್ಯಾನ್ ಮತ್ತೊಮ್ಮೆ ತೆರೆಗೆ ಬಂದ. ನಿರ್ದೇಶಕ ಜೇಮ್ಸ್ ಗನ್, ನಾಯಕ ಡೇವಿಡ್ ಕೊರೆನ್‌ಸ್ವೆಟ್. ಶಿವಮೊಗ್ಗದಲ್ಲಾಗಲಿ ಸಾಗರದಲ್ಲಾಗಲಿ, ಈ ಸಿನಿಮಾ ನೋಡಿದವರು ಕಾಮಿಕ್ಸ್ ಓದುವ ಗೆಳೆಯರನ್ನು ಹಿಡಿದು ಕೇಳುವುದು ಎರಡೇ ಪ್ರಶ್ನೆ. ಇದು ಹಿಂದಿನ ಸಿನಿಮಾದ ಮುಂದಿನ ಭಾಗವೋ? ಕಾಮಿಕ್ಸ್‌ನಲ್ಲೂ ಕಥೆ ಹೀಗೇ ಇದೆಯೋ? ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎರಡನೆಯದಕ್ಕೆ ಎಂಬತ್ತೇಳು ವರ್ಷದ ಕಡತವನ್ನೇ ಬಿಚ್ಚಬೇಕಾಗುತ್ತದೆ.

ಇದು ಮುಂದಿನ ಭಾಗವಲ್ಲ, ರೀಬೂಟ್. ಮುಂದಿನ ಭಾಗ ಎಂದರೆ ಹಿಂದೆ ನಡೆದದ್ದೆಲ್ಲ ನಡೆದದ್ದೇ ಎಂದು ಒಪ್ಪಿಕೊಂಡು ಕಥೆ ಸಾಗುತ್ತದೆ. ರೀಮೇಕ್ ಎಂದರೆ ಅದೇ ಕಥೆಯನ್ನು ಮತ್ತೊಮ್ಮೆ ಹೇಳುವುದು. ರೀಬೂಟ್‌ನಲ್ಲಿ ಪಾತ್ರ ಉಳಿಯುತ್ತದೆ, ಅದರ ಹಿಂದಿನ ಲೆಕ್ಕವೆಲ್ಲ ಚುಕ್ತಾ ಆಗುತ್ತದೆ. 2013ರಲ್ಲಿ ಶುರುವಾದ ಸರಣಿಯಲ್ಲಿ ಸೂಪರ್‌ಮ್ಯಾನ್ ಖಳನಾಯಕ ಜಾಡ್‌ನ ಕುತ್ತಿಗೆ ಮುರಿದಿದ್ದ, ಆಮೇಲೆ ತಾನೂ ಸತ್ತು ಎದ್ದುಬಂದಿದ್ದ. 2025ರ ಸೂಪರ್‌ಮ್ಯಾನ್‌ಗೆ ಅದರಲ್ಲಿ ಯಾವುದೂ ನಡೆದಿಲ್ಲ. ನಡುವಿನ ಬಗೆಯೂ ಒಂದಿದೆ. 2006ರ ಸಿನಿಮಾ ಕ್ರಿಸ್ಟೋಫರ್ ರೀವ್ ನಟಿಸಿದ್ದ ಮೊದಲ ಎರಡು ಚಿತ್ರಗಳನ್ನು ಇಟ್ಟುಕೊಂಡು ಮೂರನೆಯದನ್ನೂ ನಾಲ್ಕನೆಯದನ್ನೂ ಕೈಬಿಟ್ಟಿತ್ತು. ಇಂಥದ್ದಕ್ಕೆ ಸಾಫ್ಟ್ ರೀಬೂಟ್ ಎನ್ನುತ್ತಾರೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ವ್ಯವಹಾರ ಹೊಸದೇನಲ್ಲ. ವಾಲಿವಧೆಯಲ್ಲಿ ಭಾಗವತರು ಹಾಡುವ ಪದ್ಯ ಮೊದಲೇ ಬರೆದಿಟ್ಟದ್ದು, ಅರ್ಥ ಮಾತ್ರ ಆ ರಾತ್ರಿ ಹುಟ್ಟುವುದು. ಬಿದ್ದ ವಾಲಿ ರಾಮನನ್ನು ಏನೆಂದು ಕೇಳುತ್ತಾನೆ, ಎಷ್ಟು ಹೊತ್ತು ಕೇಳುತ್ತಾನೆ, ಸಿಟ್ಟಿನಲ್ಲೋ ಸಂಕಟದಲ್ಲೋ ಎಂಬುದೆಲ್ಲ ಅರ್ಥಧಾರಿಗೆ ಬಿಟ್ಟದ್ದು. ಆದರೆ ಬಾಣ ಮರೆಯಿಂದಲೇ ಬರಬೇಕು. ರಾಮ ಎದುರು ನಿಂತೇ ಹೊಡೆದ ಎಂದು ಯಾರಾದರೂ ಅರ್ಥ ಹೇಳಿದರೆ ವಾಲಿಗೆ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ, ಪ್ರಸಂಗ ಅಲ್ಲಿಗೆ ಮುಗಿಯಿತು. ಸೂಪರ್‌ಹೀರೋ ಕಥೆಯಲ್ಲೂ ಪದ್ಯ ಯಾವುದು, ಅರ್ಥ ಯಾವುದು ಎಂದು ಬೇರೆ ಮಾಡಿಕೊಂಡರೆ ಅಭಿಮಾನಿಗಳ ಮುಕ್ಕಾಲು ಜಗಳ ಬಗೆಹರಿಯುತ್ತದೆ. ಬಟ್ಟೆಯ ಬಣ್ಣ, ಶಕ್ತಿಯ ಅಳತೆ, ಗೆಳೆಯರು ಯಾರು ಎಂಬುದೆಲ್ಲ ಬಹುಮಟ್ಟಿಗೆ ಅರ್ಥ. ಪಾತ್ರವನ್ನು ಆ ಪಾತ್ರವಾಗಿ ಮಾಡಿದ ಗಾಯ, ಅದರಿಂದ ಹುಟ್ಟಿದ ಪಣ ಪದ್ಯ.

ಯಾಕೆ ಮತ್ತೆ ಮತ್ತೆ ಮೊದಲಿನಿಂದ?

ಕಾಮಿಕ್ಸ್‌ನಲ್ಲಿ ರೀಬೂಟ್ ಆಗುವುದಕ್ಕೂ ಸಿನಿಮಾದಲ್ಲಿ ಆಗುವುದಕ್ಕೂ ಕಾರಣಗಳು ಬೇರೆ ಬೇರೆ. ಕಾಮಿಕ್ಸ್‌ಗೆ ಕಾಲವೇ ಶತ್ರು. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1962ರಲ್ಲಿ ಪೀಟರ್ ಪಾರ್ಕರ್ ಹೈಸ್ಕೂಲ್ ಹುಡುಗ. ಲೆಕ್ಕ ಸರಿಯಾಗಿ ಹಾಕಿದರೆ ಈಗ ಅವನಿಗೆ ಎಂಬತ್ತರ ಹತ್ತಿರ. ಅವನ ಕಥೆ ಪ್ರಕಟಿಸುವ ಮಾರ್ವೆಲ್ ಕಂಪನಿ ಇದಕ್ಕೆ ಕಂಡುಕೊಂಡ ದಾರಿ ಜಾರುವ ಕಾಲ: ನಡೆದದ್ದೆಲ್ಲ ಈಚಿನ ಹತ್ತು ಹದಿನೈದು ವರ್ಷದೊಳಗೇ ನಡೆಯಿತು ಎಂದು ಎಣಿಕೆಯನ್ನು ಮುಂದೆ ಮುಂದೆ ತಳ್ಳುತ್ತ ಹೋಗುವುದು. ಸೂಪರ್‌ಮ್ಯಾನ್ ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿ ಅಷ್ಟಕ್ಕೆ ನಿಲ್ಲಲಿಲ್ಲ. 1985ರಿಂದ 86ರವರೆಗೆ ಹನ್ನೆರಡು ಸಂಚಿಕೆಯ ಒಂದು ಕಥೆಯಲ್ಲಿ ತನ್ನ ಕಥೆಗಳ ಲೆಕ್ಕವಿಲ್ಲದಷ್ಟು ಸಮಾಂತರ ಭೂಮಿಗಳನ್ನು ಒಡೆದು ಒಂದಾಗಿಸಿ, ಜಾನ್ ಬರ್ನ್ ಕೈಯಲ್ಲಿ ಸೂಪರ್‌ಮ್ಯಾನ್ ಕಥೆಯನ್ನು ಹೊಸದಾಗಿ ಬರೆಸಿತು. 2011ರ ಸೆಪ್ಟೆಂಬರಿನಲ್ಲಿ 52 ಪತ್ರಿಕೆಗಳನ್ನೂ ಒಂದನೇ ಸಂಚಿಕೆಯಿಂದ ಮತ್ತೆ ಶುರು ಮಾಡಿತು. ಇಂದ್ರಜಾಲ ಕಾಮಿಕ್ಸ್ ಓದಿದ ಹಿರಿಯರಿಗೆ ಇದಕ್ಕಿಂತ ಜಾಣತನದ ಉಪಾಯವೊಂದು ಗೊತ್ತು. 1936ರಲ್ಲಿ ಹುಟ್ಟಿದ ಫ್ಯಾಂಟಮ್‌ಗೆ ರೀಬೂಟ್ ಬೇಕೇ ಇಲ್ಲ. ಅಪ್ಪ ಸತ್ತ ಮೇಲೆ ಮಗ ಅದೇ ಮುಖವಾಡ ತೊಡುತ್ತಾನೆ. ನಾವು ಓದುವುದು ಇಪ್ಪತ್ತೊಂದನೆಯವನ ಕಥೆ.

ಸಿನಿಮಾದಲ್ಲಿ ಕಾರಣ ಹೆಚ್ಚಾಗಿ ಕಾಗದಪತ್ರದಲ್ಲಿರುತ್ತದೆ. ಸೋನಿ 1999ರಲ್ಲಿ ಸ್ಪೈಡರ್‌ಮ್ಯಾನ್ ಚಿತ್ರದ ಹಕ್ಕು ಪಡೆಯಿತು. ಒಪ್ಪಂದದಲ್ಲಿ ಗಡುವು ಇದೆ: ಒಂದು ಚಿತ್ರ ಬಂದ ಮೇಲೆ ನಿಗದಿತ ವರ್ಷಗಳೊಳಗೆ ಇನ್ನೊಂದು ಬರಬೇಕು, ಇಲ್ಲವಾದರೆ ಹಕ್ಕು ಮಾರ್ವೆಲ್‌ಗೆ ವಾಪಸ್. 2007ರ ಚಿತ್ರದ ನಂತರ ನಿರ್ದೇಶಕ ಸ್ಯಾಮ್ ರೈಮಿ ಹೊರಬಿದ್ದರು. ಕಾಯುತ್ತ ಕೂರುವ ಹಾಗಿರಲಿಲ್ಲ, ಹಾಗಾಗಿ 2012ರಲ್ಲೇ ಹೊಸ ನಟ, ಹೊಸ ಕಥೆ ಬಂತು. ಮಾರ್ವೆಲ್‌ನದೇ ನಾಲ್ವರು ಸೂಪರ್‌ಹೀರೋಗಳ ತಂಡವಾದ ಫೆಂಟಾಸ್ಟಿಕ್ ಫೋರ್ ಕಥೆ ಇನ್ನೂ ವಿಚಿತ್ರ. ಜರ್ಮನಿಯ ಒಂದು ಕಂಪನಿ 1980ರ ದಶಕದಲ್ಲಿ ಕೊಂಡಿದ್ದ ಹಕ್ಕು 1992ರ ಕೊನೆಗೆ ಕೈತಪ್ಪುವುದರಲ್ಲಿತ್ತು. ಅದನ್ನು ಉಳಿಸಿಕೊಳ್ಳಲು ಆ ಡಿಸೆಂಬರ್ ಕೊನೆಯ ದಿನಗಳಲ್ಲಿ ಅಗ್ಗದ ಬಜೆಟ್ಟಿನಲ್ಲಿ ಚಿತ್ರೀಕರಣ ಶುರು ಮಾಡಿದರು. ಚಿತ್ರ ಮುಗಿಯಿತು, ಬಿಡುಗಡೆ ಆಗಲೇ ಇಲ್ಲ. ಸೂಪರ್‌ಮ್ಯಾನ್‌ಗೆ ಇಂಥ ಗಡುವಿನ ಕಾಟವಿಲ್ಲ, ಡಿಸಿ ವಾರ್ನರ್ ಸಂಸ್ಥೆಯದೇ ಸೊತ್ತು. ಅಲ್ಲಿ ಬದಲಾದದ್ದು ಯಜಮಾನಿಕೆ. 2022ರ ನವೆಂಬರಿನಲ್ಲಿ ಜೇಮ್ಸ್ ಗನ್ ಮತ್ತು ಪೀಟರ್ ಸಫ್ರಾನ್ ಡಿಸಿ ಸ್ಟುಡಿಯೋಸ್ ಹೊಣೆ ಹೊತ್ತರು, ಹಳೆಯ ಸರಣಿಯನ್ನು ಮುಂದುವರಿಸಲಿಲ್ಲ.

ಆದ್ದರಿಂದ ಒಂದು ರೀಬೂಟ್ ಯಾಕೆ ಬಂತು ಎಂಬುದು ಅದರ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಗಡುವಿಗೆ ಹೆದರಿ ಮಾಡಿದ್ದರಲ್ಲೂ ಒಳ್ಳೆಯ ದೃಶ್ಯಗಳಿವೆ.

‘ಮೂಲ’ ಎಂಬುದು ಒಂದೇ ದಿನ ಹುಟ್ಟಿದ್ದಲ್ಲ

“ಮೂಲದಲ್ಲಿ ಹೀಗಿಲ್ಲ” ಎಂಬ ಮಾತನ್ನು ನಾವು ಕಾಮಿಕ್ಸ್ ಓದುಗರು ತುಂಬಾ ಸಲೀಸಾಗಿ ಆಡುತ್ತೇವೆ. ಯಾವ ಮೂಲ? ಜೆರ್ರಿ ಸೀಗಲ್, ಜೋ ಶುಸ್ಟರ್ ಸೇರಿ ಮಾಡಿದ ಸೂಪರ್‌ಮ್ಯಾನ್ ಮೊದಲು ಅಚ್ಚಾದದ್ದು 1938ರ ಜೂನ್ ಸಂಚಿಕೆಯಲ್ಲಿ. ಅಲ್ಲಿ ಅವನ ಹುಟ್ಟಿನ ಕಥೆಗೆ ಸಿಕ್ಕಿದ್ದು ಒಂದೇ ಪುಟ. ಅವನು ಹುಟ್ಟಿದ ಗ್ರಹಕ್ಕೆ ಕ್ರಿಪ್ಟಾನ್ ಎಂಬ ಹೆಸರಿಲ್ಲ. ಅವನನ್ನು ಸಾಕಿದ ಕೆಂಟ್ ದಂಪತಿಯೂ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಕಾರಿನವರು ಮಗುವನ್ನು ನೋಡಿ ಅನಾಥಾಲಯಕ್ಕೆ ಒಪ್ಪಿಸುತ್ತಾರೆ. ಸಾಕುತಾಯಿ ಸಾಕುತಂದೆ ಬಂದದ್ದು ಮರುವರ್ಷ. ಅವನು ಹಾರುತ್ತಲೂ ಇರಲಿಲ್ಲ, ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ನೆಗೆಯುತ್ತಿದ್ದ. ಅವನ ಶಕ್ತಿ ಕುಂದಿಸುವ ಕಲ್ಲು ಕ್ರಿಪ್ಟೋನೈಟ್ ಹುಟ್ಟಿದ್ದು 1943ರ ರೇಡಿಯೋ ನಾಟಕದಲ್ಲಿ, ಕಾಮಿಕ್ಸ್ ಪುಟಕ್ಕೆ ಬಂದದ್ದು 1949ರಲ್ಲಿ. 1940ರಲ್ಲಿ ಮೊದಲು ಕಾಣಿಸಿಕೊಂಡ ಅವನ ಕಡುವೈರಿ ಲೂಥರ್‌ಗೆ ತಲೆತುಂಬ ಕೆಂಚು ಕೂದಲಿತ್ತು.

ಈ ಪದರಗಳ ಲೆಕ್ಕಕ್ಕೆ ಕಾನೂನಿನ ಬೆಲೆಯೂ ಇದೆ. ಅಮೆರಿಕದ ಕಾಯಿದೆ ಪ್ರಕಾರ 95 ವರ್ಷ ಮುಗಿದು 2034ರ ಜನವರಿ 1ಕ್ಕೆ ಆ ಮೊದಲ ಸಂಚಿಕೆ ಸಾರ್ವಜನಿಕ ಸೊತ್ತಾಗುತ್ತದೆ. ಆಗ ಯಾರು ಬೇಕಾದರೂ ಬಳಸಬಹುದಾದದ್ದು ನೆಗೆಯುವ ಸೂಪರ್‌ಮ್ಯಾನ್‌ನನ್ನು. ಹಾರಾಟ, ಕ್ರಿಪ್ಟೋನೈಟ್, ಬೋಳುತಲೆಯ ಲೂಥರ್ ಇವೆಲ್ಲ ತಮ್ಮ ತಮ್ಮ ವರ್ಷ ಬರುವವರೆಗೆ ಕಾಯಬೇಕು.

ಬ್ಯಾಟ್‌ಮ್ಯಾನ್ ಕಥೆಯೂ ಹಾಗೆಯೇ. ಅವನು ಬಂದದ್ದು 1939ರ ಮೇ ಸಂಚಿಕೆಯಲ್ಲಿ, ಅವನ ತಂದೆತಾಯಿಯ ಕೊಲೆಯನ್ನು ಓದುಗರು ಮೊದಲು ಓದಿದ್ದು ನವೆಂಬರಿನಲ್ಲಿ. ಅಲ್ಲಿಯವರೆಗೆ ಅವನಿಗೆ ಗಾಯವೇ ಇರಲಿಲ್ಲ, ವೇಷ ಮಾತ್ರ ಇತ್ತು. ಆರಂಭದ ಕಥೆಗಳಲ್ಲಿ ಅವನ ಕೈಯಲ್ಲಿ ಪಿಸ್ತೂಲೂ ಇತ್ತು. ಆದರೂ ಇವತ್ತು ಬ್ಯಾಟ್‌ಮ್ಯಾನ್‌ನ ಪದ್ಯ ಯಾವುದೆಂದರೆ ಆ ಓಣಿಯ ಕೊಲೆ, ಆಮೇಲಿನ ಪಣ. ತಡವಾಗಿ ಬಂದದ್ದೂ ಪದ್ಯವಾಗಬಹುದು. ಅದಿಲ್ಲದೆ ಕಥೆ ನಿಲ್ಲುತ್ತದೆಯೇ ಎಂಬುದೇ ಪರೀಕ್ಷೆ.

ಈಗ ಸಿನಿಮಾಕ್ಕೆ ಬರೋಣ

ಗನ್ ಅವರ ಚಿತ್ರದಲ್ಲಿ ಕ್ರಿಪ್ಟಾನ್ ಸ್ಫೋಟವಿಲ್ಲ, ಹೊಲಕ್ಕೆ ಬೀಳುವ ನೌಕೆಯಿಲ್ಲ. ಮೂರು ಶತಮಾನದ ಹಿಂದೆ, ಮೂರು ದಶಕದ ಹಿಂದೆ, ಮೂರು ವರ್ಷದ ಹಿಂದೆ ಎಂದು ಇಳಿಯುತ್ತ ಬರುವ ಕೆಲವು ಸಾಲು ಬರಹ, ಕೊನೆಗೆ ಮೂರು ನಿಮಿಷದ ಹಿಂದೆ ಸೂಪರ್‌ಮ್ಯಾನ್ ಮೊದಲ ಬಾರಿ ಸೋತ ಎಂಬ ಸುದ್ದಿ. ಆಮೇಲೆ ಅವನು ಹಿಮದ ಮೇಲೆ ಬಂದು ಬೀಳುತ್ತಾನೆ. ರಕ್ತ, ಮುರಿದ ಮೂಳೆ. ಸಿಳ್ಳೆ ಹಾಕಿದರೆ ನಾಯಿ ಕ್ರಿಪ್ಟೋ ಓಡಿಬರುತ್ತದೆ. ಅದಕ್ಕೋ ಗಾಯದ ಪರಿವೆಯಿಲ್ಲ, ಅವನ ಮೈಮೇಲೆ ಹಾರಿ ಹಾರಿ ಆಟವಾಡುತ್ತದೆ. ಹಿಮಕೋಟೆಯ ರೋಬಾಟ್‌ಗಳು ಅವನನ್ನು ಮಲಗಿಸಿ ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ ಮೈಗೆ ಬಿಡುತ್ತವೆ. ಅವನು ಚೀರುತ್ತಾನೆ, ಮೂಳೆ ಕೂಡುತ್ತದೆ. ಅವನ ಶಕ್ತಿಯ ಮೂಲ ಸೂರ್ಯ ಎಂದು ಯಾರೂ ಭಾಷಣ ಮಾಡಬೇಕಾಗಿಲ್ಲ, ಆ ಚೀರಾಟವೇ ಹೇಳಿತು.

ಹುಟ್ಟಿನ ಕಥೆ ಬಿಟ್ಟದ್ದು ಸರಿಯೇ? ನಮ್ಮ ಮಟ್ಟಿಗೆ ನೂರಕ್ಕೆ ನೂರು ಸರಿ. 1978ರ ಚಿತ್ರದಲ್ಲಿ ನೀಲಿ ಬಟ್ಟೆ ಕಾಣಬೇಕಾದರೆ ಸುಮಾರು ಮುಕ್ಕಾಲು ಗಂಟೆ ಕಾಯಬೇಕಿತ್ತು. ಆಗ ಅದು ಬೇಕಿತ್ತು, ಹಾರುವ ಮನುಷ್ಯನನ್ನು ಜನ ನಂಬುವಂತೆ ಮಾಡಬೇಕಿತ್ತು. ಈಗ ಆ ಕಥೆ ಮಕ್ಕಳಿಗೂ ಬಾಯಿಪಾಠ. ಎಷ್ಟು ಚಿಕ್ಕದಾಗಿ ಹೇಳಬಹುದು ಎಂಬುದಕ್ಕೆ ಗ್ರಾಂಟ್ ಮಾರಿಸನ್ ಬರೆದು ಫ್ರಾಂಕ್ ಕ್ವೈಟ್ಲಿ ಚಿತ್ರಿಸಿದ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ (2005–2008) ಮೊದಲ ಪುಟ ನೋಡಬೇಕು. ನಾಲ್ಕೇ ಚಿತ್ರ: ಒಡೆಯುತ್ತಿರುವ ಗ್ರಹ, ಕಂಗಾಲಾದ ತಂದೆತಾಯಿ, ಬಾಹ್ಯಾಕಾಶದಲ್ಲಿ ನೌಕೆ, ಬಗ್ಗಿ ನೋಡುವ ರೈತ ದಂಪತಿ. ಇಂಗ್ಲಿಷಿನಲ್ಲಿ ಒಟ್ಟು ಎಂಟೇ ಪದ. ಪುಟ ತಿರುಗಿಸಿದರೆ ಅವನು ಸೂರ್ಯನ ಎದುರು ಹಾರುತ್ತಿರುತ್ತಾನೆ. ಗನ್ ತಮ್ಮ ಮೇಲೆ ಪ್ರಭಾವ ಬೀರಿದ ಕೃತಿಗಳಲ್ಲಿ ಇದನ್ನೂ ಹೇಳಿದ್ದಾರೆ.

ಅತಿ ಹೆಚ್ಚು ಜಗಳವಾದದ್ದು ತಂದೆತಾಯಿಯ ಸಂದೇಶದ ವಿಷಯಕ್ಕೆ. ಮಗುವಿನ ಜೊತೆ ಬಂದ ಸಂದೇಶದ ಅರ್ಧ ಭಾಗ ಹಾಳಾಗಿತ್ತು. ಉಳಿದರ್ಧವನ್ನು ಕೇಳುತ್ತ, ಭೂಮಿಯ ಜನರಿಗೆ ಒಳ್ಳೆಯದು ಮಾಡೆಂದು ಹೆತ್ತವರು ಕಳಿಸಿದರು ಎಂದುಕೊಂಡೇ ಅವನು ಬೆಳೆದಿದ್ದಾನೆ. ಲೂಥರ್ ಹಾಳಾದ ಭಾಗವನ್ನು ಸರಿಪಡಿಸಿ ಜಗತ್ತಿಗೆಲ್ಲ ಕೇಳಿಸುತ್ತಾನೆ: ಆ ಜನ ದುರ್ಬಲರು, ಅವರನ್ನು ಆಳು, ಹಲವು ಹೆಂಡಂದಿರನ್ನು ಕಟ್ಟಿಕೊಂಡು ನಮ್ಮ ವಂಶ ಬೆಳೆಸು. ಹೆತ್ತ ತಂದೆ ಜೋರ್-ಎಲ್‌ನನ್ನು ಋಷಿಯಂತೆ ಕಂಡ ಓದುಗರಿಗೆ ಇದು ನುಂಗಲಾರದ ತುತ್ತು. ಪದ್ಯವನ್ನೇ ತಿದ್ದಿದರು ಎಂಬುದು ಅವರ ದೂರು.

ಈ ದೂರು ನಿಲ್ಲುವುದಿಲ್ಲ. ಸೂಪರ್‌ಮ್ಯಾನ್‌ನ ಪದ್ಯ ಹೆತ್ತವರ ಒಳ್ಳೆಯತನವಲ್ಲ. ನಾಶವಾದ ಮನೆ, ಸಾಕಿದ ಸಾಮಾನ್ಯ ದಂಪತಿ, ಎಲ್ಲವನ್ನೂ ಪುಡಿಮಾಡಬಲ್ಲ ಕೈ ತನ್ನನ್ನು ತಾನೇ ತಡೆದುಕೊಳ್ಳುವುದು, ಇವು ಪದ್ಯ. ಬರ್ನ್ 1986ರಲ್ಲೇ ಕ್ರಿಪ್ಟಾನನ್ನು ಮುಟ್ಟಿದರೆ ತಣ್ಣಗೆ ಕೊರೆಯುವ, ಪ್ರೀತಿಯ ನಂಟಿಲ್ಲದ ಲೋಕವಾಗಿ ಚಿತ್ರಿಸಿ, ಇವನನ್ನು ಮನುಷ್ಯನಾಗಿಸಿದ್ದು ಕ್ಯಾನ್ಸಸ್‌ನ ಹೊಲ ಎಂದಿದ್ದರು. ಗನ್ ಅದೇ ದಾರಿಯಲ್ಲಿ ಇನ್ನಷ್ಟು ದೂರ ನಡೆದಿದ್ದಾರೆ. ಮಿಗಿಲಾಗಿ, ತಿದ್ದಿದ್ದಕ್ಕೆ ಚಿತ್ರ ಬೆಲೆ ತೆರುತ್ತದೆ. ಜನ ಅವನ ಮೇಲೆ ತಿರುಗಿ ಬೀಳುತ್ತಾರೆ, ಅವನು ತಾನಾಗಿ ಶರಣಾಗುತ್ತಾನೆ, ಸೆರೆ ಸೇರುತ್ತಾನೆ, ತಾನು ಯಾರು ಎಂಬುದನ್ನು ಸಾಕುತಂದೆಯ ಅಂಗಳದಲ್ಲಿ ಕೂತು ಮೊದಲಿನಿಂದ ಯೋಚಿಸಬೇಕಾಗುತ್ತದೆ. ಕೊನೆಯಲ್ಲಿ ರೋಬಾಟ್‌ಗಳು ಹೆತ್ತವರ ಚಿತ್ರ ಹಾಕಲೇ ಎಂದಾಗ ಪರದೆಯ ಮೇಲೆ ಬರುವುದು ಕೆಂಟ್ ದಂಪತಿ ಮಗುವನ್ನು ಆಡಿಸುವ ಹಳೆಯ ವಿಡಿಯೋ. ಹಳೆಯ ಕಥೆಯ ಕೀಲಿನ ಜಾಗವನ್ನೇ ಬದಲಿಸುವುದು ನಮ್ಮ ಮಲೆನಾಡಿಗೆ ಅಪರಿಚಿತವಲ್ಲ. ಕುಪ್ಪಳಿಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಡನೆ ರಾಮನನ್ನೂ ಬೆಂಕಿಗೆ ಇಳಿಸಿದರು. ಬದಲಾವಣೆ ಅಲಂಕಾರಕ್ಕೆ ಬಂದದ್ದಲ್ಲ, ರಾಮ ಏನು ಎಂಬುದಕ್ಕೇ ಅದು ಉತ್ತರ. ದೊಡ್ಡ ತಿದ್ದುಪಡಿಗೆ ಹಾಕಬೇಕಾದ ಅಳತೆ ಇದೇ.

2013ರ ಚಿತ್ರ ಎಡವಿದ್ದು ಇಲ್ಲಿಯೇ, ಆದರೆ ಅದರ ಮೇಲಿನ ಟೀಕೆಯೂ ಅರ್ಧ ತಪ್ಪು. “ಸೂಪರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಯಾರನ್ನೂ ಕೊಂದಿಲ್ಲ” ಎಂದು ಬಹಳ ಜನ ಹೇಳಿದರು. 1988ರಲ್ಲಿ ಬರ್ನ್ ಬರೆದ ಇಪ್ಪತ್ತೆರಡನೇ ಸಂಚಿಕೆಯಲ್ಲಿ ಅವನು ಜಾಡ್ ಸೇರಿ ಮೂವರನ್ನು ಕ್ರಿಪ್ಟೋನೈಟ್‌ನಿಂದ ಕೊಲ್ಲುತ್ತಾನೆ. ವ್ಯತ್ಯಾಸ ಇರುವುದು ಆಮೇಲೆ. ಕಾಮಿಕ್ಸ್‌ನಲ್ಲಿ ಆ ಪಾಪ ಅವನ ಮನಸ್ಸನ್ನೇ ಒಡೆಯುತ್ತದೆ, ತಾನು ಜನರಿಗೆ ಅಪಾಯ ಎಂದು ಭೂಮಿ ಬಿಟ್ಟು ಹೋಗುತ್ತಾನೆ, ತಿಂಗಳುಗಟ್ಟಲೆ ಕಥೆ ಅದೇ ನಡೆಯುತ್ತದೆ. ಸಿನಿಮಾದಲ್ಲಿ ಒಂದು ಆರ್ತನಾದ, ಪ್ರೇಯಸಿ ಲೋಯಿಸ್ ತಬ್ಬಿಕೊಳ್ಳುವುದು, ಮುಂದಿನ ದೃಶ್ಯದಲ್ಲಿ ತಿಳಿಹಾಸ್ಯ. ಕೊಂದದ್ದು ದೋಷವಲ್ಲ, ಕೊಂದದ್ದು ಏನೂ ಅಲ್ಲವೆಂಬಂತೆ ಮುಂದೆ ಹೋದದ್ದು ದೋಷ.

ಗನ್ ಚಿತ್ರದಲ್ಲಿ ಕೊರತೆ ಇಲ್ಲವೆಂದಲ್ಲ. ಗ್ರೀನ್ ಲ್ಯಾಂಟರ್ನ್, ಹಾಕ್‌ಗರ್ಲ್, ಮಿಸ್ಟರ್ ಟೆರಿಫಿಕ್, ಮೆಟಮಾರ್ಫೋ ಎಂದು ಬೇರೆ ಸೂಪರ್‌ಹೀರೋಗಳು ತುಂಬಿದ್ದರಿಂದ, ಸೂಪರ್‌ಮ್ಯಾನ್‌ನ ಇನ್ನೊಂದು ಬದುಕಾದ ಕ್ಲಾರ್ಕ್ ಕೆಂಟ್ ಎಂಬ ಪತ್ರಕರ್ತನಿಗೆ ಜಾಗವೇ ಸಿಗಲಿಲ್ಲ. ಎರಡು ಬದುಕು ಆ ಪಾತ್ರದ ಪದ್ಯದಲ್ಲೇ ಇರುವ ಸಂಗತಿ. ಡೈಲಿ ಪ್ಲಾನೆಟ್ ಕಚೇರಿಯಲ್ಲಿ ಅವನು ಕೂತು ಕೆಲಸ ಮಾಡುವುದನ್ನು ನೋಡುವುದೇ ಅಪರೂಪ. ಆ ನಷ್ಟವನ್ನು ಒಂದೇ ದೃಶ್ಯ ಬಹುಮಟ್ಟಿಗೆ ತುಂಬಿಕೊಡುತ್ತದೆ. ಲೋಯಿಸ್ ತನ್ನ ಮನೆಯಲ್ಲಿ ರೆಕಾರ್ಡರ್ ಹಚ್ಚಿ ಅವನನ್ನು ಸಂದರ್ಶನ ಮಾಡುತ್ತಾಳೆ: ಯುದ್ಧ ನಿಲ್ಲಿಸಲು ಯಾರನ್ನು ಕೇಳಿ ಹೋದೆ? ಪ್ರಿಯಕರನ ಮಾತು ನಿಧಾನಕ್ಕೆ ಆರೋಪಿಯ ಮಾತಾಗುತ್ತದೆ, ಅವನು ತಾಳ್ಮೆಗೆಡುತ್ತಾನೆ. ಹೊಡೆದಾಟವಿಲ್ಲದ ಆ ಹೊತ್ತೇ ಇಡೀ ಚಿತ್ರದ ಗಟ್ಟಿ ಭಾಗ.

ಕೆಂಪು ಚಡ್ಡಿ ಮರಳಿದ್ದಕ್ಕೆ ನಡೆದ ವಾದವಿವಾದವನ್ನು ಬಿಟ್ಟುಬಿಡಬಹುದು. ಅದು ಅರ್ಥ.

ಪದ್ಯ ತಪ್ಪಿದರೆ ಏನಾಗುತ್ತದೆ

2015ರ ಫೆಂಟಾಸ್ಟಿಕ್ ಫೋರ್ ಒಳ್ಳೆಯ ಪಾಠ. 1961ರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಕಟ್ಟಿದ್ದು ಕುಟುಂಬವನ್ನು: ಜಗಳವಾಡುವ, ಆದರೆ ಒಂದೇ ಸೂರಿನಡಿ ಉಣ್ಣುವ ನಾಲ್ವರು. ಸುಮಾರು ನೂರು ನಿಮಿಷದ ಸಿನಿಮಾದಲ್ಲಿ ಅವರಿಗೆ ಶಕ್ತಿ ಬರುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಬಂದ ಕೂಡಲೇ ‘ಒಂದು ವರ್ಷದ ನಂತರ’ ಎಂಬ ಬರಹ. ಅವರು ಆ ದೇಹಗಳೊಂದಿಗೆ, ಒಬ್ಬರೊಡನೊಬ್ಬರು ಹೇಗೆ ಬದುಕಲು ಕಲಿತರು ಎಂಬ ಮುಖ್ಯ ಭಾಗ ಆ ಬರಹದ ಸಂದಿಯಲ್ಲಿ ಹೋಯಿತು. ಮರುಚಿತ್ರೀಕರಣದ ದೃಶ್ಯಗಳಲ್ಲಿ ನಾಲ್ವರಲ್ಲೊಬ್ಬಳಾದ ಸ್ಯೂ ಪಾತ್ರಧಾರಿಯ ವಿಗ್ ಎದ್ದು ಕಾಣುತ್ತದೆ. ಎಲ್ಲಿ ಹೊಲಿಗೆ ಹಾಕಿದ್ದಾರೆ ಎಂದು ಅದರಿಂದಲೇ ಗುರುತಿಸಬಹುದು. 2025ರ ಹೊಸ ಚಿತ್ರ ಈ ತಪ್ಪನ್ನು ಮಾಡಲಿಲ್ಲ, ಶಕ್ತಿ ಬಂದು ನಾಲ್ಕು ವರ್ಷವಾದ ಮೇಲೆ ಕಥೆ ಶುರುಮಾಡಿತು.

ಸ್ಪೈಡರ್‌ಮ್ಯಾನ್‌ನ ಪದ್ಯ ಇನ್ನೂ ಸ್ಪಷ್ಟ. 1962ರ ಹನ್ನೊಂದು ಪುಟದ ಕಥೆಯಲ್ಲಿ ಪೀಟರ್ ಒಬ್ಬ ಕಳ್ಳನನ್ನು ನನಗೇನು ಎಂದು ಬಿಡುತ್ತಾನೆ, ಅದೇ ಕಳ್ಳ ಚಿಕ್ಕಪ್ಪ ಬೆನ್‌ನನ್ನು ಕೊಲ್ಲುತ್ತಾನೆ. ಶಕ್ತಿಯ ಜೊತೆ ಹೊಣೆಯೂ ಬರುತ್ತದೆ ಎಂಬ ಪ್ರಸಿದ್ಧ ಮಾತನ್ನು ಅಲ್ಲಿ ಬೆನ್ ಆಡುವುದಿಲ್ಲ. ಕೊನೆಯ ಚಿತ್ರದ ಮೇಲೆ ನಿರೂಪಕ ಬರೆದದ್ದು ಅದು. ಬೆನ್ ಬಾಯಿಗೆ ಬಂದದ್ದು ಆಮೇಲೆ. ಹಾಗಾಗಿ 2021ರ ಚಿತ್ರದಲ್ಲಿ ಚಿಕ್ಕಮ್ಮ ಮೇ ಆ ಮಾತು ಹೇಳಿ ಸತ್ತಾಗ ಪದ್ಯ ಕೆಡಲಿಲ್ಲ. 2017ರಲ್ಲಿ ಕಾಣದೆ ಹೋಗಿದ್ದ ಪಾಪಪ್ರಜ್ಞೆ ಬೇರೆ ಬಾಯಿಂದ ಮರಳಿ ಬಂತು. 2012 ಮತ್ತು 2014ರ ಚಿತ್ರಗಳಲ್ಲಿ ಬಲೆ ಹಾರಿಸುವ ಯಂತ್ರ ಕಾಮಿಕ್ಸ್‌ನಲ್ಲಿದ್ದಂತೆ ಪೀಟರ್ ಕೈಯಾರೆ ಮಾಡಿದ್ದು. 2002ರಲ್ಲಿ ಬಲೆ ಮೈಯಿಂದಲೇ ಬರುತ್ತಿದ್ದುದಕ್ಕೆ ಗೊಣಗಿದವರಿಗೆ ಸಮಾಧಾನವಾಯಿತು. ಆದರೆ ಅಪ್ಪನ ಸಂಶೋಧನೆಯಿಂದ ಹುಟ್ಟಿದ ಜೇಡ, ಅಪ್ಪನ ರಕ್ತ ಇದ್ದವನಿಗೆ ಮಾತ್ರ ಒಗ್ಗುವ ವಿಷ ಎಂದು ಕಥೆ ಹೆಣೆದರು. ಯಾವ ಹುಡುಗನಿಗೂ ಆಗಬಹುದಾಗಿದ್ದ ಆಕಸ್ಮಿಕ ವಂಶದ ಆಸ್ತಿಯಾಯಿತು. ಯಂತ್ರ ಸರಿಯಾಗಿ, ಪದ್ಯ ಕೆಟ್ಟಿತು.

ಓದಿಕೊಂಡು ಹೋಗುವವರಿಗೆ

ಸಿನಿಮಾಕ್ಕೆ ಮುನ್ನ ಎಲ್ಲವನ್ನೂ ಓದುವ ಅಗತ್ಯವಿಲ್ಲ. ಸೂಪರ್‌ಮ್ಯಾನ್‌ಗಾದರೆ ಎರಡು ಸಾಕು: ಬರ್ನ್ 1986ರಲ್ಲಿ ಬರೆದ ಆರು ಸಂಚಿಕೆಯ ‘ದಿ ಮ್ಯಾನ್ ಆಫ್ ಸ್ಟೀಲ್’, ಆಮೇಲೆ ‘ಆಲ್-ಸ್ಟಾರ್’ನ ಹನ್ನೆರಡು ಸಂಚಿಕೆ. ಈ ಕ್ರಮದಲ್ಲೇ ಓದಿ. ಮೊದಲನೆಯದು ಪದ್ಯ ಕಲಿಸುತ್ತದೆ, ಎರಡನೆಯದು ಅರ್ಥಕ್ಕೆ ಎಷ್ಟು ಆಕಾಶವಿದೆ ಎಂದು ತೋರಿಸುತ್ತದೆ. ನೋಡುವಾಗ ಎರಡೇ ಸಂಗತಿ ಗಮನಿಸಿ. ಮೊದಲ ಇಪ್ಪತ್ತು ನಿಮಿಷದಲ್ಲಿ ಚಿತ್ರ ನಿಮಗೆ ಗೊತ್ತಿದೆ ಎಂದುಕೊಂಡು ಏನನ್ನು ಬಿಟ್ಟಿತು? ಬದಲಿಸಿದ್ದರಿಂದ ಕೊನೆಯ ಹೊತ್ತಿಗೆ ಯಾರ ಬದುಕಾದರೂ ಬದಲಾಯಿತೇ? ಏನೂ ಆಗದಿದ್ದರೆ ಆ ಬದಲಾವಣೆ ಪೋಸ್ಟರಿಗಷ್ಟೇ ಬಂದದ್ದು.

ಪುಸ್ತಕ ಕೊಳ್ಳುವಾಗ ಹೊಸಬರು ಬೀಳುವ ಗುಂಡಿಯೊಂದಿದೆ. ಮುಖಪುಟದ ಮೇಲಿನ ‘1’ ಎಂಬ ಅಂಕಿ ಕಥೆಯ ಆರಂಭವೆಂದು ಅರ್ಥವಲ್ಲ. ‘ಸೂಪರ್‌ಮ್ಯಾನ್’ ಎಂಬ ಹೆಸರಿನ ಪತ್ರಿಕೆಯೇ 1939, 1987, 2011, 2016, 2018, 2023ರಲ್ಲಿ ಒಂದನೇ ಸಂಚಿಕೆಯಿಂದ ಶುರುವಾಗಿದೆ. ಶಿವಮೊಗ್ಗದಲ್ಲಿ ಕೂತು ಆನ್‌ಲೈನಿನಲ್ಲಿ ತರಿಸುವವರು ಸಂಖ್ಯೆಯನ್ನು ನಂಬದೆ ವರ್ಷ ಮತ್ತು ಲೇಖಕರ ಹೆಸರು ಹಾಕಿ ಹುಡುಕಬೇಕು, ಒಳಪುಟದಲ್ಲಿ ಯಾವ ಯಾವ ಸಂಚಿಕೆ ಸೇರಿವೆ ಎಂದು ಓದಬೇಕು. ‘ಆಲ್-ಸ್ಟಾರ್’ ಮೊದಲು ಎರಡು ಸಂಪುಟವಾಗಿ ಬಂದಿತ್ತು, ಆರಾರು ಸಂಚಿಕೆ. ಒಂದನೆಯದನ್ನು ಮಾತ್ರ ತರಿಸಿದರೆ ಹತ್ತನೇ ಸಂಚಿಕೆ ತಪ್ಪಿಹೋಗುತ್ತದೆ. ಕಟ್ಟಡದ ಅಂಚಿನಲ್ಲಿ ನಿಂತ ಹುಡುಗಿಯ ಹೆಗಲ ಮೇಲೆ ಸೂಪರ್‌ಮ್ಯಾನ್ ಹಿಂದಿನಿಂದ ಕೈಯಿಡುವ ಪುಟ ಇರುವುದು ಅದರಲ್ಲೇ. ಹನ್ನೆರಡೂ ಒಟ್ಟಿಗಿರುವ ಒಂದೇ ಸಂಪುಟವನ್ನು ತರಿಸಿಕೊಳ್ಳಿ.